ನೈಟ್ ಶಿಫ್ಟ್‌ನವರ ಒಳಗಡಿಯಾರನೂ ನೋಡ್ರಪ್ಪ

ಸಂಪಾದಕರೇ, ನಮಸ್ಕಾರ.

ನಮ್ಮ ಆಫೀಸಲ್ಲಿ ವರ್ಷಕ್ಕೊಂದ್ಸಲ ಹೆಲ್ತ್ ಚೆಕಪ್ ಮಾಡಿಸ್ತಾರೆ, ಶುಗರು ಬಿಪಿ ಥೈರಾಯ್ಡು ಎಲ್ಲಾ ನೋಡ್ತಾರೆ, ಆದ್ರೆ ರಾತ್ರಿಯೆಲ್ಲಾ ಕೂತು ಕೆಲಸ ಮಾಡೋನ ದೇಹದೊಳಗೆ ಈಗ ಗಂಟೆ ಎಷ್ಟು ಅಂತ ಯಾರೂ ಕೇಳಲ್ಲ. ಡಾಕ್ಟ್ರು ಕಾರ್ಟಿಸಾಲ್ ಅನ್ನೋ ಹಾರ್ಮೋನಿನ ಟೆಸ್ಟ್ ಬರೆದ್ರೆ ಲ್ಯಾಬಿನವ್ರು ಬೆಳಗ್ಗೆ 8ಕ್ಕೆ ಬನ್ನಿ ಅಂತಾರೆ, ಯಾಕಂದ್ರೆ ಅದು ಬೆಳಗ್ಗೆ ಜಾಸ್ತಿ ರಾತ್ರಿ ಕಮ್ಮಿ, ನಾರ್ಮಲ್ ರೇಂಜೂ ಆ ಹೊತ್ತಿಂದೇ. ಡ್ಯೂಟಿ ಮುಗಿಸಿ ಕ್ಯಾಬ್ ಇಳಿದು ಸೀದಾ ಲ್ಯಾಬಿಗೆ ಹೋದವನಿಗೆ ಆ 8 ಗಂಟೆ ಬೆಳಗ್ಗೇನೋ ಸಂಜೇನೋ ಯಾರಿಗ್ಗೊತ್ತು? ಒಂದೇ ಶಿಫ್ಟ್ ಮಾಡೋ ಇಬ್ಬರ ಒಳಗಡಿಯಾರ, ಅಂದ್ರೆ ನಿದ್ದೆ-ಎಚ್ಚರದ ಹೊತ್ತು ನಡೆಸೋ ದೇಹದ್ದೇ ಗಡಿಯಾರ, ಗಂಟೆಗಟ್ಲೆ ಹಿಂದೆಮುಂದೆ ಇರ್ಬಹುದು.

ಅಳೆಯೋ ದಾರಿ ಇದೆ. ಮಂದ ಬೆಳಕಲ್ಲಿ ಕೂರಿಸಿ ಅರ್ಧ ಗಂಟೆಗೋ ಒಂದು ಗಂಟೆಗೋ ಒಂದ್ಸಲ ಹತ್ತಿ ಅಗಿಸಿ ಎಂಜಲು ತಗೋತಾರೆ, ಕಾಫಿ ಇಲ್ಲ, ಚಾಕೊಲೇಟ್ ಇಲ್ಲ, ಬಾಳೆಹಣ್ಣೂ ತಿನ್ನಂಗಿಲ್ಲ. ಅದ್ರಲ್ಲಿ ರಾತ್ರಿ ಆಯ್ತು ಅಂತ ದೇಹಕ್ಕೆ ಹೇಳೋ ಮೆಲಟೋನಿನ್ ಹಾರ್ಮೋನು ಏರೋಕೆ ಶುರುವಾದ್ಮೇಲೆ ಸಾಮಾನ್ಯವಾಗಿ ಒಂದೆರಡು ಗಂಟೇಲಿ ನಿದ್ದೆ ಹೊತ್ತು. ಹಗಲು ಕೆಲಸದವರಿಗೆ ಒಂದು ಸಂಜೆ ಸಾಕು, ನಮ್ಮಂಥೋರಿಗೆ ಏರಿಕೆ ಯಾವಾಗ ಅಂತಾನೇ ಊಹಿಸಕ್ಕಾಗಲ್ಲ, ಇಡೀ ದಿನ ಎಂಜಲು ಕೊಡ್ತಾ ಕೂತಿರ್ಬೇಕಾಗ್ಬಹುದು, ಸಂಸಾರಸ್ಥರಿಗೆ ಆಗೋ ಮಾತಾ ಇದು?

ಅದಕ್ಕೇ 2018ರಲ್ಲಿ ಬರ್ಲಿನ್‌ನ ಶಾರಿಟೆ ಆಸ್ಪತ್ರೆಯ ಆಖಿಮ್ ಕ್ರಾಮರ್ ತಂಡ ಮಾಡಿದ್ದು ಕುತೂಹಲ ಹುಟ್ಸತ್ತೆ. ಒಂದೇ ಸಲ ರಕ್ತ ತಗೊಂಡು, ಬಿಳಿ ರಕ್ತಕಣದಲ್ಲಿ ಮಾನೋಸೈಟ್ ಅನ್ನೋದನ್ನ ಬೇರೆ ಮಾಡಿ, 12 ಜೀನ್‌ಗಳು ಆ ಹೊತ್ತಲ್ಲಿ ಎಷ್ಟು ಚುರುಕಾಗಿವೆ ಅಂತ ನೋಡಿ ಒಳಗಿನ ಟೈಮ್ ಲೆಕ್ಕ ಹಾಕಿದ್ರು. ಅದೇ ವರ್ಷ ಅಮೆರಿಕದ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯವ್ರು ಎರಡು ಸ್ಯಾಂಪಲ್, ಸುಮಾರು 40 ಜೀನ್ ಇಟ್ಕೊಂಡು ಒಂದೂವರೆ ಗಂಟೆ ಆಚೀಚೆ ಹೇಳ್ಬಹುದು ಅಂದ್ರು. ಆದ್ರೆ ಪಾಳಿ ಬದಲಾಯಿಸೋರಲ್ಲಿ ಮೆದುಳಿನ ಗಡಿಯಾರ ಒಂದು ಹೇಳಿದ್ರೆ ರಕ್ತಕಣದೊಳಗಿನ ಗಡಿಯಾರ ಇನ್ನೊಂದು ಹೇಳ್ಬಹುದು, ಹಾಗಾಗಿ ಅಲ್ಲೀದನ್ನ ತಂದು ಇಲ್ಲಿ ಪ್ಯಾಕೇಜ್ ಅಂತ ಮಾರೋಕೆ ಮುಂಚೆ ನಮ್ಮ ನೈಟ್ ಶಿಫ್ಟ್ ನರ್ಸ್‌ಗಳು, ಸೆಕ್ಯುರಿಟಿಯವ್ರು, ಕಾಲ್ ಸೆಂಟರ್‌ನವ್ರ ಮೇಲೇ ಸ್ಟಡಿ ಆಗ್ಬೇಕು.

ನಮ್ಮ ಬೆಂಗಳೂರಿನ ಜಕ್ಕೂರಲ್ಲಿರೋ ವಿಜ್ಞಾನ ಸಂಶೋಧನಾ ಸಂಸ್ಥೆ ಜವಾಹರಲಾಲ್ ನೆಹರು ಸೆಂಟರಲ್ಲಿ ಹಣ್ಣಿನ ನೊಣ ಇಟ್ಕೊಂಡು ಇದೇ ಗಡಿಯಾರದ ಮೇಲೆ ವರ್ಷಗಟ್ಲೆ ಕೆಲಸ ನಡೆದಿದೆ, ಅಂದ್ರೆ ತಿಳಿದೋರು ಇಲ್ಲೇ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಏಜೆನ್ಸಿ 2007ರಲ್ಲೂ 2019ರಲ್ಲೂ ರಾತ್ರಿ ಪಾಳಿಯನ್ನ ಬಹುಶಃ ಕ್ಯಾನ್ಸರ್ ತರಬಲ್ಲದ್ದು ಅಂತ ಸೇರಿಸಿದೆ, ಇನ್ನೂ ಏನ್ ಕಾಯ್ತಿದೆ ಸರ್ಕಾರ?

ಒಂದು ಮಾತ್ರ, ರಿಪೋರ್ಟು ನೌಕರನ ಕೈಗೇ ಬರ್ಬೇಕು, ಎಚ್‌ಆರ್‌ಗೆ ಹೋಗ್ಬಾರ್ದು. ಇಲ್ಲಾಂದ್ರೆ ನಿನ್ನ ಬಾಡಿ ರಾತ್ರಿಗೇ ಸೆಟ್ ಆಗಿದೆ ನೋಡು ಅಂತ ಪರ್ಮನೆಂಟಾಗಿ ಅಲ್ಲೇ ಕೂರಿಸಿಬಿಡ್ತಾರೆ.

- ಒಬ್ಬ ರಾತ್ರಿ ಪಾಳಿ ನೌಕರ, ಬೆಂಗಳೂರು