ಮಿಕ್ಸಿ ಆರಿಸುವ ಮೊದಲು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಶಿರಸಿಯಲ್ಲಿರುವ ಅಮ್ಮನಿಗೆ ಮಿಕ್ಸಿ ಕಳಿಸಬೇಕು, ಎರಡರಲ್ಲಿ ಯಾವುದು ಅಂತ ಕೇಳಿದ್ದೀಯ. ಆನ್‌ಲೈನ್‌ನಲ್ಲಿ ಕೊಂಡವರು ಒಂದಕ್ಕೆ 4.5 ಸ್ಟಾರ್ ಕೊಟ್ಟಿದ್ದಾರೆ, ಇನ್ನೊಂದಕ್ಕೆ 4.1. ಬರೀ ಸ್ಟಾರ್ ನೋಡಿ ತಗೊಳ್ಳಬೇಡ ಮಾರಾಯ.

ಹೋದ ವರ್ಷ ನಾನು ತರಿಸಿದ ಮಿಕ್ಸಿಯ ಪೆಟ್ಟಿಗೆಯಲ್ಲಿ ಒಂದು ಚೀಟಿ ಇತ್ತು. ಐದು ಸ್ಟಾರ್ ಹಾಕಿ ಸ್ಕ್ರೀನ್‌ಶಾಟ್ ಕಳಿಸಿದರೆ 150 ರೂಪಾಯಿ ಕೊಡುತ್ತೇವೆ ಅಂತ. ಜಾರು ತೊಳೆಯುವ ಮೊದಲೇ ‘ಸೂಪರ್ ಪ್ರಾಡಕ್ಟ್’ ಅಂತ ಬರೆದೆ. ದುಡ್ಡೂ ಬಂತು. ಎರಡೇ ತಿಂಗಳಿಗೆ ಮೋಟರನ್ನೂ ಜಾರನ್ನೂ ಜೋಡಿಸುವ ಕಪ್ಲರ್ ಸವೆದುಹೋಯಿತು. ಉದ್ದಿನಬೇಳೆ ಹಾಕಿದರೆ ಮೋಟರ್ ತಿರುಗುತ್ತಿತ್ತು, ಬ್ಲೇಡ್ ತಿರುಗುತ್ತಿರಲಿಲ್ಲ. ನನ್ನ ಮಾತು ನಂಬಿ ಯಾರ‍್ಯಾರು ಅದನ್ನು ಕೊಂಡರೋ ಅನ್ನುವುದು ಈಗಲೂ ಚುಚ್ಚುತ್ತದೆ. ಆಮೇಲೆ ಆ ರಿವ್ಯೂ ಅಳಿಸಿ, ನಡೆದದ್ದನ್ನು ನಡೆದ ಹಾಗೆ ಬರೆದೆ. ನೆನಪಿಡು, ನನ್ನ ಆ ಸುಳ್ಳಿನ ಪಕ್ಕದಲ್ಲೂ ‘ವೆರಿಫೈಡ್ ಪರ್ಚೇಸ್’, ಅಂದರೆ ನಿಜವಾಗಿ ಕೊಂಡವರು ಬರೆದದ್ದು ಅಂತಲೇ ಇತ್ತು.

ದುಡ್ಡು ಕೊಟ್ಟು ಬರೆಸಿದ ರಿವ್ಯೂ ಹಾಕಬಾರದೆಂದು ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲೇ ಐಎಸ್ 19000 ಅನ್ನುವ ಮಾನದಂಡ ತಂದಿತು. ಆದರೆ ಅದನ್ನು ಕಡ್ಡಾಯ ಮಾಡದೆ ಕಂಪನಿಗಳ ಇಚ್ಛೆಗೆ ಬಿಟ್ಟರು. ಹಾಗಾಗಿ ಸೋಸುವ ಕೆಲಸ ನಮಗೇ ಉಳಿಯಿತು.

ನಾನೀಗ ಮೊದಲು ಹೊಸ ರಿವ್ಯೂಗಳನ್ನು ಮೇಲೆ ತಂದುಕೊಂಡು ಓದುತ್ತೇನೆ, ಆಮೇಲೆ ಮೂರು ಸ್ಟಾರಿನವನ್ನು. ‘ಚಟ್ನಿ ನುಣ್ಣಗಾಗುತ್ತೆ, ದೋಸೆ ಹಿಟ್ಟಿಗೆ ಮಾತ್ರ ಎರಡು ಸಲ ನಿಲ್ಲಿಸಬೇಕು’ ಅಂತ ಬರೆದವರು ನಿಜವಾಗಿ ರುಬ್ಬಿ ನೋಡಿದವರು. ಒಂದು ಸ್ಟಾರಿನಲ್ಲಿ ಎಷ್ಟೋ ಜನ ಡೆಲಿವರಿ ತಡವಾದ ಸಿಟ್ಟು ತೀರಿಸಿರುತ್ತಾರೆ, ಅದನ್ನು ಬಿಡು. ಐದಾರು ಜನ ಒಂದೇ ಭಾಗ ಮುರಿದದ್ದು ಹೇಳಿದರೆ ಮಾತ್ರ ನಂಬು. ಒಂದೇ ವಾರದಲ್ಲಿ ಒಂದೇ ಧಾಟಿಯ ಹೊಗಳಿಕೆ ಸಾಲಾಗಿ ಬಂದಿದ್ದರೆ ಆ ಮಾಲೇ ಬೇಡ. ಹಳೆಯ ರಿವ್ಯೂಗಳನ್ನೂ ತೆಗೆದು ನೋಡು: ಬೇರೆ ಸಾಮಾನಿಗೆ ಬಂದ ಹೊಗಳಿಕೆ ಸಿಗಲಿ ಅಂತ ಅದರ ಪುಟಕ್ಕೇ ಹೊಸ ಮಾಲು ಸೇರಿಸುವವರಿದ್ದಾರೆ. ಮಿಕ್ಸಿಯ ಕೆಳಗೆ ‘ಬಾಟಲಿ ಸೋರಲ್ಲ’ ಅಂತ ಇದ್ದದ್ದನ್ನು ನಾನೇ ಓದಿದ್ದೇನೆ.

ನೀನು ಕಳಿಸಿದ 4.1ರದ್ದರಲ್ಲಿ ಒಬ್ಬರು ಹತ್ತು ತಿಂಗಳು ಬಳಸಿ ಬರೆದಿದ್ದಾರೆ, ಕಲೆ ಹಿಡಿದ ಜಾರಿನ ಫೋಟೋ ಸಮೇತ. ಸದ್ದು ಜಾಸ್ತಿಯಂತೆ, ಕೆಲಸಕ್ಕೆ ಮೋಸವಿಲ್ಲವಂತೆ. ನನ್ನ ಮನಸ್ಸು ಅದರ ಕಡೆಗೇ ಇದೆ. ಅದರ ಸರ್ವಿಸ್ ಸೆಂಟರ್ ಶಿರಸಿಯಲ್ಲಿ ಇದೆಯಾ ವಿಚಾರಿಸು. ಅಮ್ಮ ವಾರಕ್ಕೆ ಎಷ್ಟು ಸಲ ಹಿಟ್ಟು ರುಬ್ಬುತ್ತಾರೆ ಅಂತಲೂ ಕೇಳಿ ಬರೆ.

ನಿನ್ನ ಗೆಳೆಯ