ಶಿವುಗೆ: ರಿಜಿಸ್ಟರಿನಲ್ಲಿ ‘ಊಟ ಬೇಡ ಅಂದರು’ ಅಂತ ಬರೆಯೋ ಮುಂಚೆ

ಪ್ರೀತಿಯ ಶಿವು,

ನಿನ್ನ ವೃದ್ಧಾಶ್ರಮದ ರಿಜಿಸ್ಟರಿನ ಫೋಟೋ ಎಲ್ಲಾ ನೋಡಿದೆ. ಅಕ್ಷರ ಇನ್ನೂ ಹಾಗೇ ಇದೆ, ಮೇಷ್ಟ್ರು ಇದ್ದಿದ್ದರೆ ‘ಇರುವೆ ಮೆರವಣಿಗೆ ಹೊರಟಿತು’ ಅಂತಿದ್ದರು. ನೀನು ಕೇಳಿದ್ದು ಒಂದೇ ಪ್ರಶ್ನೆ: ವಯಸ್ಸಾದ ಮೇಲೆ ಊಟ ಕಡಿಮೆಯಾಗೋದು ಸಹಜ ತಾನೆ? ಉತ್ತರ ಉದ್ದವಾಯಿತು. ಅಪ್ಪನನ್ನೋ ಅತ್ತೆಯನ್ನೋ ನೋಡಲು ಭಾನುವಾರ ವೃದ್ಧಾಶ್ರಮಕ್ಕೆ ಹೋಗಿಬರುವವರೂ ಓದಲಿ ಅಂತ ಎಲ್ಲರೆದುರೇ ಹಾಕ್ತಿದ್ದೀನಿ. ಬೈಕೋಬೇಡ.

ಹಸಿವು ಒಂಚೂರು ತಗ್ಗುತ್ತೆ, ನಿಜ. ಆದರೆ 50 ಕೆ.ಜಿ. ಇದ್ದವರು ಒಂದು ತಿಂಗಳಲ್ಲಿ ಎರಡೂವರೆ ಕೆ.ಜಿ., ಇಲ್ಲಾ ಆರು ತಿಂಗಳಲ್ಲಿ 5 ಕೆ.ಜಿ. ಇಳಿದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೀಬೇಡ, ಡಾಕ್ಟರಿಗೆ ಹೇಳು. ತೂಕ ನೋಡೋದಾದರೆ ಅದೇ ತಕ್ಕಡಿ, ಅದೇ ಹೊತ್ತು: ಬೆಳಿಗ್ಗೆ, ಮೂತ್ರಕ್ಕೆ ಹೋಗಿ ಬಂದಮೇಲೆ, ತಿಂಡಿಗೆ ಮುಂಚೆ. ಕಾಲು ಊದಿಕೊಂಡವರ ತೂಕ ನಂಬಬೇಡ. ಹೃದಯ, ಕಿಡ್ನಿ ತೊಂದರೆ ಇರಬಹುದು, ಬರೀ ಬಿ.ಪಿ.ಯ ಅಮ್ಲೋಡಿಪಿನ್ ಮಾತ್ರೆಯಿಂದಲೂ ಪಾದ ಊದುತ್ತೆ. ಒಳಗೆ ಮಾಂಸ ಕರಗುತ್ತಾ ಇದ್ದರೂ ಮುಳ್ಳು ಅಲ್ಲೇ ನಿಂತಿರುತ್ತೆ. ಎದ್ದು ನಿಲ್ಲಲಾರದವರಿಗೆ, ಊತ ಇಲ್ಲದಿದ್ದರೆ, ಮೀನಖಂಡದ ದಪ್ಪ ಇರೋ ಜಾಗಕ್ಕೆ ದರ್ಜಿಯ ಟೇಪು ಸುತ್ತು. 31 ಸೆಂ.ಮೀ.ಗಿಂತ ಕಡಿಮೆ ಬಂದರೆ ಅವರ ಹೆಸರಿನ ಮುಂದೆ ಕೆಂಪು ಗುರುತು ಹಾಕು.

ಈಗ ನಿನ್ನ ರಿಜಿಸ್ಟರಿಗೆ ಬರ್ತೀನಿ. ‘ಊಟ ಬೇಡ ಅಂದರು’ ಅನ್ನೋದು ಒಂದೊಂದು ಪುಟದಲ್ಲೂ ಇದೆ. ಹಾಗೆ ಬರೆಯೋ ಮುಂಚೆ ಒಂದು ಟಾರ್ಚು ಹಿಡಿದು ಬಾಯೊಳಗೆ ನೋಡಬೇಕು. ನಾಲಿಗೆ ಮೇಲೆ ಬಿಳಿ ಪೊರೆ ಇದೆಯಾ, ವಸಡು ಹುಣ್ಣಾಗಿದೆಯಾ, ಹಲ್ಲಿನ ಸೆಟ್ಟು ಅಲ್ಲಾಡುತ್ತಾ? ತೂಕ ಇಳಿದಾಗ ಸೆಟ್ಟು ಸಡಿಲವಾಗುತ್ತೆ, ಸಡಿಲವಾದರೆ ಅಗಿಯೋಕೆ ಆಗಲ್ಲ, ಅಗಿಯದಿದ್ದರೆ ತೂಕ ಇನ್ನೂ ಇಳಿಯುತ್ತೆ. ಆಮೇಲೆ ಮಾತ್ರೆಗಳ ಪಟ್ಟಿ ತೆಗಿ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್‌ನಿಂದ ಹಸಿವು ಸಾಯಬಹುದು, ಕಬ್ಬಿಣದ ಮಾತ್ರೆ ಹೊಟ್ಟೆ ತೊಳಸುತ್ತೆ. ಮೂರು ದಿನದಿಂದ ಹೊಟ್ಟೆ ಹೋಗದವರಿಗೆ ನಾಲ್ಕನೇ ದಿನ ಮೃಷ್ಟಾನ್ನ ಬಡಿಸಿದರೂ ರುಚಿಸಲ್ಲ.

ಲಕ್ವ ಹೊಡೆದವರು, ಮರೆವಿನ ಕಾಯಿಲೆಯವರು ನುಂಗೋಕೆ ಕಷ್ಟಪಡ್ತಿದ್ದರೆ ಅನ್ನ–ತಿಳಿಸಾರು ಎಲ್ಲಕ್ಕಿಂತ ಅಪಾಯ. ಮೆತ್ತಗಿದೆ ಅಂತ ಅದನ್ನೇ ಕೊಡ್ತೀವಿ. ಬಾಯಲ್ಲಿ ಸಾರು ಮುಂದೆ ಓಡುತ್ತೆ, ಅಗುಳು ಹಿಂದೆ ಉಳಿಯುತ್ತೆ. ಆ ಸಾರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಗಟ್ಟಿ ಬೇಳೆ ಹಾಕಿ, ನೀರು ಬೇರೆಯಾಗದ ಹಾಗೆ ಒಂದೇ ಹದಕ್ಕೆ ಮಸೆದು ಕೊಡು. ನೆಟ್ಟಗೆ ಕೂರಿಸಿ, ಗಲ್ಲ ತುಸು ಕೆಳಗೆ ಮಾಡಿಸಿ, ಟೀ ಚಮಚದಲ್ಲಿ ಒಂದೊಂದೇ ತುತ್ತು. ಗಂಟಲು ಮೇಲೆದ್ದು ಇಳಿಯೋದು ಕಂಡ ಮೇಲೇ ಮುಂದಿನ ತುತ್ತು. ನುಂಗಿದ ಮೇಲೆ ದನಿ ನೀರು ತುಂಬಿದ ಹಾಗೆ ಗೊರಗೊರ ಅಂದರೆ ನಿಲ್ಲಿಸಿ ಡಾಕ್ಟರನ್ನು ಕೇಳು. ಕೆಲವರಿಗೆ ಕೆಮ್ಮೂ ಬರಲ್ಲ, ಅದಕ್ಕೇ ದನಿ ಕೇಳಿಸ್ಕೋ ಅನ್ನೋದು. ಊಟ ಆದಮೇಲೆ ಅರ್ಧ ಗಂಟೆ ಮಲಗಿಸಬೇಡ.

ನಿನ್ನ ಮಂಗಳವಾರದ ಊಟ ಲೆಕ್ಕ ಹಾಕಿದೆ. ಎರಡು ಇಡ್ಲಿ, ಒಂದು ಬಟ್ಟಲು ಅನ್ನ, ತಿಳಿಸಾರು, ನೀರುಮಜ್ಜಿಗೆ, ಎರಡು ಟೀ, ಎರಡು ಬಿಸ್ಕತ್ತು, ರಾತ್ರಿ ಅಕ್ಕಿಗಂಜಿ. ಪ್ರೋಟೀನು 20 ಗ್ರಾಂ ಆಸುಪಾಸು. 45 ಕೆ.ಜಿ. ತೂಕದ ಅಜ್ಜಿಗೆ ದಿನಕ್ಕೆ ಕಡೇಪಕ್ಷ 45 ಗ್ರಾಂ ಪ್ರೋಟೀನು, 1,350 ಕ್ಯಾಲರಿ ಬೇಕು. ಹೊಟ್ಟೆ ತುಂಬಿರುತ್ತೆ, ಮೈಗೆ ಏನೂ ಸೇರಿರಲ್ಲ. ಮಂಚ ಹಿಡಿದವರ ಬೆನ್ನಹುಣ್ಣು ಮಾಯದಿರೋಕೆ ಇದೂ ಒಂದು ಕಾರಣ.

ಬಡಿಸೋದು ಹೆಚ್ಚಿಸಬೇಡ, ಬಟ್ಟಲೊಳಗಿನದನ್ನು ಗಟ್ಟಿ ಮಾಡು. 20 ಗ್ರಾಂ ರಾಗಿಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕದಡಿ ಏಳೆಂಟು ನಿಮಿಷ ಬೇಯಿಸು. 150 ಮಿ.ಲೀ. ಹಾಲು, ಎರಡು ಚಿಕ್ಕ ಚಮಚ ಬೆಲ್ಲ, ಒಂದು ಚಿಕ್ಕ ಚಮಚ ತುಪ್ಪ ಹಾಕು. ಎರಡು ದೊಡ್ಡ ಚಮಚ ಕೆನೆರಹಿತ ಹಾಲಿನ ಪುಡಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಕಲಸಿ, ಒಲೆಯಿಂದ ಇಳಿಸಿದ ಮೇಲೆ ಸೇರಿಸು. ಕುದಿಯೋದಕ್ಕೆ ಸುರಿದರೆ ಗಂಟು ಕಟ್ಟಿ ತಳ ಹಿಡಿಯುತ್ತೆ. ಒಂದು ಬಟ್ಟಲಿಗೆ ಹತ್ತಿರತ್ತಿರ 300 ಕ್ಯಾಲರಿ, 11 ಗ್ರಾಂ ಪ್ರೋಟೀನು. ಅಷ್ಟೇ ಅಕ್ಕಿಯ ಗಂಜಿಯಲ್ಲಿ 70 ಕ್ಯಾಲರಿ, ಒಂದೂವರೆ ಗ್ರಾಂ. ಸಾರಿಗೆ ತಲೆಗೆ 30 ಗ್ರಾಂ ತೊಗರಿಬೇಳೆ ಅಳೆದು ಹಾಕು, ಮಜ್ಜಿಗೆ ಬದಲು ಮೊಸರು. ತಿನ್ನೋರಿಗೆ ಒಂದು ಮೊಟ್ಟೆ, 6 ಗ್ರಾಂ. ಆದರೆ ಐದಾರು ದಿನ ಏನೂ ತಿನ್ನದೆ ಹೊಸದಾಗಿ ಬಂದು ಸೇರಿದವರಿಗೆ ಇದನ್ನೆಲ್ಲ ಮೊದಲ ದಿನವೇ ತುಂಬಬೇಡ. ರಕ್ತದಲ್ಲಿ ಫಾಸ್ಫೇಟು, ಪೊಟ್ಯಾಸಿಯಂ ದಿಢೀರ್ ಕುಸಿದು ಜೀವಕ್ಕೇ ಬರುತ್ತೆ. ಡಾಕ್ಟರು ನೋಡಿ, ಥಯಮಿನ್ (ಬಿ1 ವಿಟಮಿನ್) ಕೊಟ್ಟು, ಅರ್ಧಕ್ಕಿಂತ ಕಡಿಮೆಯಿಂದ ಶುರು ಮಾಡಬೇಕು.

ನಿನ್ನಲ್ಲಿ ರಾತ್ರಿಯೂಟ ಆರೂಕಾಲಿಗೆ, ಬೆಳಗಿನ ತಿಂಡಿ ಎಂಟೂವರೆಗೆ. ಹದಿನಾಲ್ಕು ಗಂಟೆ ದಾಟಿತು ಕಣೋ. ಅಮೆರಿಕದ ನರ್ಸಿಂಗ್ ಹೋಂಗಳಿಗೆ 14 ಗಂಟೆ ಮೀರಬಾರದು ಅಂತ ನಿಯಮವೇ ಇದೆ. ಮಲಗೋ ಮುಂಚೆ ಪೌಷ್ಟಿಕವಾದ್ದು ಕೊಟ್ಟರೆ 16ರ ತನಕ ವಿನಾಯಿತಿ. ಒಂಬತ್ತು ಗಂಟೆಗೆ ಒಂದು ಲೋಟ ಹಾಲು ಕೊಡು ಅಂತ ಬರೆಯೋಕೆ ಹೊರಟಾಗಲೇ ಪೆನ್ನು ನಿಂತಿದ್ದು. ನಿನ್ನ ರಿಜಿಸ್ಟರಿನಲ್ಲಿ ‘ಬೇಡ ಅಂದರು’ ಅನ್ನೋದು ಬಹುಪಾಲು ರಾತ್ರಿ ಹೊತ್ತಿನದು, ಅದೂ ಒಬ್ಬರೇ ಎದ್ದು ಹೋಗಲಾರದವರ ಹೆಸರಿನ ಮುಂದೆ. ರಾತ್ರಿ ಪಾಳಿಗೆ ನಿನ್ನಲ್ಲಿ ಇರೋದು ಒಬ್ಬಳೇ ಹುಡುಗಿ. ಹಾಲು ಕುಡಿದರೆ ಮೂತ್ರಕ್ಕೆ ಹೋಗೋಕೆ ರಾತ್ರಿ ಎರಡು ಗಂಟೆಗೆ ಅವಳನ್ನು ಎಬ್ಬಿಸಬೇಕು. ಹೋಗಲಿ ಪಾಪ ಅಂತ ಕುಡಿಯದೇ ಮಲಗ್ತಾರೆ. ಹಗಲಲ್ಲೂ ಅದೇ ಅಂಜಿಕೆ, ನೀರೂ ಗುಟುಕು ಗುಟುಕೇ. ನೀರು ಕಮ್ಮಿಯಾದರೆ ಮಲಬದ್ಧತೆ, ಮೂತ್ರದ ಸೋಂಕು, ಆಮೇಲೆ ತಲೆ ಗಲಿಬಿಲಿ. ಹೆಂಗಸರಿಗೆ ದಿನಕ್ಕೆ 1.6 ಲೀಟರು, ಗಂಡಸರಿಗೆ 2 ಲೀಟರು ಕುಡಿಯೋಕೆ ಬೇಕು, ಕಾಫಿ–ಮಜ್ಜಿಗೆ ಎಲ್ಲಾ ಸೇರಿ. ಡಾಕ್ಟರು ನೀರು ಮಿತಿ ಮಾಡಿದವರಿಗೆ ಮಾತ್ರ ಬೇರೆ ಲೆಕ್ಕ. ಬಹುಪಾಲು ಸಂಜೆ ಆರರೊಳಗೆ ಕುಡಿಸು. ರಾತ್ರಿಗೆ ಇನ್ನೊಬ್ಬರನ್ನು ನೇಮಿಸು ಶಿವು, ಅಡುಗೆ ಆಮೇಲೆ ಸರಿ ಮಾಡೋಣ.

ಇದನ್ನು ಬರೆಯಬೇಕು ಅಂದುಕೊಂಡಿರಲಿಲ್ಲ. ಉಪ್ಪು ಕಡಿಮೆ, ಸಕ್ಕರೆ ಬೇಡ, ತುಪ್ಪ ಬೇಡ, ಕಾಯಿ ಬೇಡ ಅಂತ ಚೀಟಿ ಬರೆಯೋದೇ ನನ್ನ ಕಸುಬು. ಐವತ್ತರವರಿಗೂ ಎಂಬತ್ತೈದರವರಿಗೂ ಒಂದೇ ಚೀಟಿ ಬರೆದಿದ್ದೀನಿ. ವಯಸ್ಸಾದವರಿಗೆ ಇಂಥ ಪಥ್ಯ ಹೇರಬೇಡಿ, ಊಟವೇ ಕಮ್ಮಿಯಾಗುತ್ತೆ ಅಂತ ಯುರೋಪಿನ ಪೌಷ್ಟಿಕತಜ್ಞರ ಎಸ್ಪೆನ್ ಸಂಘದ 2019ರ ಮಾರ್ಗಸೂಚಿ ನೇರವಾಗಿ ಹೇಳುತ್ತೆ. ಓದಿದ ಮೇಲೂ ಎಷ್ಟೋ ದಿನ ಕೈ ಹಳೇ ಚೀಟಿಯನ್ನೇ ಬರೀತಿತ್ತು. ಆ ಸಪ್ಪೆ ಊಟ ಬೇಡ ಅಂದವರು ಎಷ್ಟು ಜನ ಅಂತ ಯೋಚಿಸಿದರೆ ರಾತ್ರಿ ನಿದ್ದೆ ಹತ್ತಲ್ಲ. ನಿನ್ನ ಗೋಡೆಗೆ ಅಂಟಿಸಿರೋ ಪಥ್ಯದ ಪಟ್ಟಿಯಲ್ಲಿ ಡಾಕ್ಟರನ್ನು ಕೇಳಿ ಏನೇನು ತೆಗೀಬಹುದೋ ತೆಗೆಸು. ಒಗ್ಗರಣೆ ವಾಪಸ್ ಬರಲಿ.

ಹುಟ್ಟುಹಬ್ಬದ ಊಟ ಕೊಡೋರಿಗೂ ಹೇಳು: ಎರಡು ಗಂಟೆಗೆ ಬರೋ ತಣ್ಣಗಾದ ಪೂರಿ ಹಲ್ಲಿಲ್ಲದವರಿಗೆ ಆಗಲ್ಲ. ಶಾವಿಗೆ ಪಾಯಸ ಇರಲಿ, ಅದೂ ಹನ್ನೆರಡೂವರೆಗೆ. ಜೊತೆಗೆ ಒಂದು ತಿಂಗಳ ಹಾಲಿನ ಪುಡಿ.

ಸಾಕು, ಜಾಸ್ತಿ ಬರೆದೆ. ಶನಿವಾರ ಟೇಪು, ಟಾರ್ಚು ಎರಡೂ ಹಿಡ್ಕೊಂಡು ಬರ್ತೀನಿ. ಅಮ್ಮನಿಗೆ ಹೇಳು, ಈ ಸಲ ಹೋಳಿಗೆ ಏಳೇ. ಎಂಟನೆಯದರ ಮಾತು ಯಾರೂ ಎತ್ತೋ ಹಾಗಿಲ್ಲ.

ನಿನ್ನ,
ರಾಜಿ