ದ್ವೀಪದ ಪ್ರೇಮಕಥೆಯಲ್ಲಿ ದ್ವೀಪದವರಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಉಷ್ಣವಲಯದ ದ್ವೀಪವೊಂದರಲ್ಲಿ ನಡೆಯುವ, ಟೆಲಿವಿಷನ್ನಿಗೆಂದೇ ತಯಾರಾದ ಲಘು ಪ್ರೇಮಚಿತ್ರವೊಂದರ ಬಗ್ಗೆ ವೀಕ್ಷಕರು ಬರೆದ ಅಭಿಪ್ರಾಯಗಳನ್ನು ತಮ್ಮ ಕಿರುತೆರೆ ಪುಟದಲ್ಲಿ ಓದಿದೆ. ಕೆಲವರು ಅದನ್ನು ಸಮಯ ಹಾಳು ಎಂದು ತಳ್ಳಿಹಾಕಿದ್ದಾರೆ. ನಾಯಕ ನಾಯಕಿ ಎದುರಾದ ಕ್ಷಣದಲ್ಲೇ ಕೊನೆ ಏನೆಂದು ಗೊತ್ತಾಗುತ್ತದೆ ಎಂಬುದು ಅವರ ಮುಖ್ಯ ತಕರಾರು. ಇನ್ನು ಕೆಲವರು ದಿನದ ದಣಿವು ಇಳಿಯಿತೆಂದೂ, ಮಕ್ಕಳು ಹಿರಿಯರೆಲ್ಲ ಮುಜುಗರವಿಲ್ಲದೆ ಒಟ್ಟಿಗೆ ಕೂತು ನೋಡಿದೆವೆಂದೂ ಮೆಚ್ಚಿ ಬರೆದಿದ್ದಾರೆ. ಗೋವಾದ ವಾಸ್ಕೋದಲ್ಲಿ ನೆಲೆಸಿರುವ, ಪ್ರವಾಸಿಗರನ್ನು ನಂಬಿ ಬದುಕುವ ನೂರಾರು ಕನ್ನಡ ಕುಟುಂಬಗಳ ನಡುವೆ ಇರುವ ನನಗೆ ಈ ಚರ್ಚೆಯಲ್ಲಿ ಇಬ್ಬರೂ ಕೈಬಿಟ್ಟ ಒಂದು ಸಂಗತಿ ಕಾಣಿಸಿತು. ಅದನ್ನು ಹೇಳಲು ಈ ಪತ್ರ.

ಕೊನೆ ಮೊದಲೇ ಗೊತ್ತಿದ್ದರೆ ಕಥೆ ಕೆಟ್ಟಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಾಗಲಕೋಟೆ, ಬೆಳಗಾವಿ ಕಡೆಯ ಹಳ್ಳಿಗಳಲ್ಲಿ ಶ್ರೀಕೃಷ್ಣ ಪಾರಿಜಾತದ ಆಟ ನೋಡಲು ರಾತ್ರಿಯಿಡೀ ಕೂರುವವರಲ್ಲಿ ಕಥೆ ಗೊತ್ತಿಲ್ಲದವರು ಯಾರಿದ್ದಾರೆ? ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ, ಕೃಷ್ಣ ಸಮಾಧಾನ ಮಾಡುತ್ತಾನೆ, ಅಷ್ಟೇ. ಆದರೂ ಈ ಸಲದ ಭಾಮೆ ಹೇಗೆ ಮುನಿಯುತ್ತಾಳೆ, ಎಲ್ಲಿ ದನಿ ಏರಿಸುತ್ತಾಳೆ, ಯಾವ ಮಾತಿಗೆ ಕರಗುತ್ತಾಳೆ ಎಂದು ನೋಡುವುದಕ್ಕೇ ಜನ ಸೇರುತ್ತಾರೆ. ಲಘು ಪ್ರೇಮಕಥೆಯ ಸುಖವೂ ಇಂಥದ್ದೇ. ಇಬ್ಬರೂ ಒಂದಾಗುತ್ತಾರೆಂಬ ಭರವಸೆ ಮೊದಲೇ ಸಿಕ್ಕಿರುವುದರಿಂದಲೇ ನೋಡುವವರ ಮನಸ್ಸು ಆತಂಕವಿಲ್ಲದೆ ಸಣ್ಣ ಸಣ್ಣ ಮಾತುಗಳ ಕಡೆ, ಮುಖದ ಮೇಲಿನ ಬದಲಾವಣೆಗಳ ಕಡೆ ಹರಿಯುತ್ತದೆ.

ಚಿತ್ರದ ಕೊನೆಯ ಭಾಗದಲ್ಲಿ ಒಮ್ಮೆಲೇ ಹುಟ್ಟಿಕೊಳ್ಳುವ ತಪ್ಪು ತಿಳುವಳಿಕೆಯ ಬಗ್ಗೆಯೂ ಹಲವರು ದೂರಿದ್ದಾರೆ. ಅದಕ್ಕೆ ಕಾರಣ ಈ ಚಿತ್ರಗಳ ಕಟ್ಟಡದಲ್ಲೇ ಇದೆ. ಅಮೆರಿಕದಲ್ಲಿ ಈ ಬಗೆಯ ಚಿತ್ರಗಳಿಗೆ ಹೆಸರಾದದ್ದು 2001ರಲ್ಲಿ ಆರಂಭವಾದ ಹಾಲ್‌ಮಾರ್ಕ್ ವಾಹಿನಿ. ಶುಭಾಶಯ ಪತ್ರಗಳನ್ನು ಮುದ್ರಿಸುವ, 1910ರಷ್ಟು ಹಳೆಯ ಸಂಸ್ಥೆಯ ಹೆಸರನ್ನೇ ಅದು ಹೊತ್ತಿದೆ. ಎರಡು ಗಂಟೆಯ ಪ್ರಸಾರದಲ್ಲಿ ಜಾಹೀರಾತುಗಳನ್ನು ಕಳೆದರೆ ಕಥೆಗೆ ಉಳಿಯುವುದು ಸುಮಾರು 84 ನಿಮಿಷ. ಆ ಹೊತ್ತನ್ನು ಜಾಹೀರಾತಿನ ವಿರಾಮಗಳಿಗೆ ತಕ್ಕಂತೆ ಸಣ್ಣ ಅಂಕಗಳಾಗಿ ಹಂಚಬೇಕು, ಪ್ರತಿ ಅಂಕದ ತುದಿಯಲ್ಲಿ ನೋಡುವವರು ವಾಹಿನಿ ಬದಲಿಸದಂತೆ ಒಂದು ಎಳೆ ಬಿಡಬೇಕು, ಮುತ್ತನ್ನು ಕೊನೆಯ ನಿಮಿಷದವರೆಗೆ ಕಾಯ್ದಿಡಬೇಕು. ಚಿತ್ರೀಕರಣವೂ ಸಾಮಾನ್ಯವಾಗಿ ಮೂರು ವಾರದೊಳಗೆ ಮುಗಿಯುತ್ತದೆ; ಹಾಗಾಗಿ ಒಂದೇ ರೆಸಾರ್ಟು, ಒಂದೇ ಕಡಲತೀರ, ನಾಲ್ಕಾರು ಪಾತ್ರ. ಇಷ್ಟು ಬಿಗಿಯಾದ ಚೌಕಟ್ಟಿನಲ್ಲಿ ಸಭ್ಯವಾದ, ಯಾರನ್ನೂ ನೋಯಿಸದ ಕಥೆ ಹೇಳುವುದು ಸುಲಭದ ಕೆಲಸವಲ್ಲ. ಅದನ್ನು ಮಾಡಿದವರ ಶ್ರಮವನ್ನು ಒಂದೇ ಸಾಲಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ.

ಮೆಚ್ಚಿದವರ ಪಕ್ಷ ನನ್ನದು ಎಂದು ಇಷ್ಟರಲ್ಲಿ ಗೊತ್ತಾಗಿರಬೇಕು. ಆದರೆ ಅವರು ಕೂಡ ಹೇಳದೆ ಬಿಟ್ಟದ್ದನ್ನು ನನಗೆ ಕಾಣಿಸಿಕೊಟ್ಟದ್ದು ನಮ್ಮ ಓಣಿಯ ಒಬ್ಬ ಹೆಣ್ಣುಮಗಳು. ಅವರು ಗದಗ ಜಿಲ್ಲೆಯವರು. ದಕ್ಷಿಣ ಗೋವಾದ ಹೋಟೆಲೊಂದರಲ್ಲಿ ಕೋಣೆಗಳನ್ನು ಅಣಿಗೊಳಿಸುವ ಕೆಲಸ ಮಾಡುತ್ತಾರೆ. ಆ ಚಿತ್ರವನ್ನು ನಮ್ಮ ಮನೆಯಲ್ಲೇ ಕೂತು ನೋಡಿದರು. ಮಾತು ಇಂಗ್ಲಿಷಿನಲ್ಲಿದ್ದರೂ ಕಥೆ ತಿಳಿಯುವುದಕ್ಕೆ ಅವರಿಗೆ ಯಾರ ಸಹಾಯವೂ ಬೇಕಾಗಲಿಲ್ಲ. ‘ಛಲೋ ಐತ್ರಿ, ಒಬ್ಬರ ಮ್ಯಾಲೆ ಒಬ್ಬರು ವಿಷ ಕಾರೂದಿಲ್ಲ, ಯಾರೂ ಯಾರ ಮನಿ ಮುರಿಯಂಗಿಲ್ಲ’ ಎಂದು ಮನಸಾರೆ ಮೆಚ್ಚಿದರು. ಸಂಜೆಯ ಧಾರಾವಾಹಿಗಳಲ್ಲಿ ವರ್ಷಗಟ್ಟಲೆ ನಡೆಯುವ ಅತ್ತೆ ಸೊಸೆಯರ ಸಂಚುಗಳನ್ನು ನೋಡಿ ಬೇಸತ್ತ ಹೆಣ್ಣುಮಕ್ಕಳ ಮಾತು ಇದು, ಮತ್ತು ತಮ್ಮ ಪುಟದಲ್ಲಿ ಬಂದ ಯಾವ ವಿಮರ್ಶೆಗಿಂತಲೂ ಇದಕ್ಕೆ ನಾನು ಹೆಚ್ಚಿನ ತೂಕ ಕೊಡುತ್ತೇನೆ.

ಅದೇ ಹೆಣ್ಣುಮಗಳು ಒಂದು ದೃಶ್ಯದಲ್ಲಿ ಮಾತ್ರ ಸುಮ್ಮನಾದರು. ನಾಯಕಿ ರೆಸಾರ್ಟಿನ ಕೋಣೆಯ ಬಾಗಿಲು ತೆರೆಯುತ್ತಾಳೆ. ಹಾಸಿಗೆಯ ಮೇಲೆ ಹೂವಿನ ಎಸಳುಗಳ ನಡುವೆ ಬಿಳಿ ಟವೆಲಿನಲ್ಲಿ ಮಡಿಸಿದ ಎರಡು ಹಂಸಗಳು ಕೊಕ್ಕಿಗೆ ಕೊಕ್ಕು ತಾಗಿಸಿ ಕೂತಿರುತ್ತವೆ. ನಾಯಕಿ ಖುಷಿಯಿಂದ ಚೀರಿ ಚೀಲವನ್ನು ಅವುಗಳ ಪಕ್ಕಕ್ಕೆ ಎಸೆಯುತ್ತಾಳೆ, ದೃಶ್ಯ ಮುಗಿಯುತ್ತದೆ. ಟವೆಲಿನ ಎರಡು ಮೂಲೆಗಳನ್ನು ನಡುವಿಗೆ ತಂದು ತುದಿ ಮೊನಚಾಗಿಸಬೇಕು, ಎರಡೂ ಬದಿಗಳಿಂದ ಬಿಗಿಯಾಗಿ ಸುತ್ತುತ್ತ ಬರಬೇಕು, ಸುತ್ತು ಸ್ವಲ್ಪ ಸಡಿಲವಾದರೂ ಕುತ್ತಿಗೆ ಬಾಗಿ ಬೀಳುತ್ತದೆ, ಮೇಲ್ವಿಚಾರಕರು ಬರುವ ಹೊತ್ತಿಗೆ ಬಿದ್ದಿದ್ದರೆ ಮತ್ತೆ ಮೊದಲಿಂದ ಮಡಿಸಬೇಕು ಎಂದು ಅವರು ನನಗೆ ಕೈಯಲ್ಲಿ ತೋರಿಸಿ ವಿವರಿಸಿದರು. ಆಮೇಲೆ ಹೇಳಿದರು, ‘ಮಾಡಿದಾಕಿನ ಒಮ್ಮೆನೂ ತೋರಸಲಿಲ್ಲ ನೋಡ್ರಿ.’

ನನ್ನ ತಕರಾರೂ ಅಷ್ಟೇ. ಇಂಥ ಚಿತ್ರಗಳಲ್ಲಿ ದ್ವೀಪವಿದೆ, ದ್ವೀಪದವರಿಲ್ಲ. ಹಾರ ಹಾಕಿ ಬರಮಾಡಿಕೊಳ್ಳುವ ಕೈಗಳಿವೆ, ಎಳನೀರು ತಂದಿಡುವ ನಗುಮುಖಗಳಿವೆ, ಬೆಂಕಿಯ ಸುತ್ತ ಕುಣಿಯುವ ತಂಡವಿದೆ. ಆದರೆ ಅವರಿಗೆ ಹೆಸರಿಲ್ಲ, ಮನೆಯಿಲ್ಲ, ಅವರ ಓಣಿಯಲ್ಲಿ ಯಾರಿಗೂ ಯಾರ ಮೇಲೂ ಪ್ರೀತಿ ಹುಟ್ಟುವುದಿಲ್ಲ. ಪ್ರೀತಿಸುವ ಹಕ್ಕು ವಿಮಾನದಲ್ಲಿ ಬಂದಿಳಿದವರಿಗೆ ಮಾತ್ರ.

ಫಿಜಿಯನ್ನೇ ನೋಡಿ. ನೀಲಿ ನೀರು ಬೇಕಾದ ಚಿತ್ರತಂಡಗಳು ಹೋಗುವ ದೇಶಗಳಲ್ಲಿ ಅದೂ ಒಂದು. ಕಬ್ಬಿನ ಗದ್ದೆಗಳಲ್ಲಿ ದುಡಿಯಲು ಕರಾರಿನ ಮೇಲೆ ಕರೆದೊಯ್ದ ಭಾರತೀಯರನ್ನು ಹೊತ್ತ ಲಿಯೋನಿಡಾಸ್ ಎಂಬ ಹಡಗು 1879ರ ಮೇ ತಿಂಗಳಲ್ಲಿ ಅಲ್ಲಿಗೆ ತಲುಪಿತು. 1916ರವರೆಗೆ ಹೀಗೆ ಹೋದವರು ಸುಮಾರು ಅರುವತ್ತು ಸಾವಿರ. ಕಲ್ಕತ್ತೆಯಿಂದ ಹೊರಟವರೇ ಹೆಚ್ಚು, 1903ರಿಂದ ಮದ್ರಾಸಿನಿಂದಲೂ ಹೋದರು. ಇಂದು ಆ ದೇಶದ ಜನಸಂಖ್ಯೆಯಲ್ಲಿ ಸುಮಾರು ಮೂರನೆಯ ಒಂದು ಭಾಗ ಗಿರ್ಮಿಟಿಯಾಗಳೆಂದು ಕರೆಯಲಾಗುವ ಆ ಕರಾರಿನ ಕೂಲಿಗಳ ಸಂತತಿ. ನಾನು ನೋಡಿದ ದ್ವೀಪದ ಪ್ರೇಮಚಿತ್ರಗಳಲ್ಲಿ ಅವರಲ್ಲೊಬ್ಬ ಅಂಗಡಿಯವನಾಗಲಿ, ಶಾಲೆಯ ಶಿಕ್ಷಕಿಯಾಗಲಿ, ದೋಣಿಯ ಇಂಜಿನು ರಿಪೇರಿ ಮಾಡುವವನಾಗಲಿ ಒಂದು ಪೂರ್ಣ ಮಾತು ಆಡಿದ್ದು ಕಾಣಲಿಲ್ಲ.

ಹವಾಯಿಯ ಚಿತ್ರಗಳಲ್ಲೂ ಹೀಗೇ. ಅಲ್ಲಿನ ಪ್ರತಿ ಸಂಜೆಯ ದೃಶ್ಯಕ್ಕೂ ಉಕುಲೆಲೆ ನುಡಿಯುತ್ತದೆ. ಆ ಪುಟ್ಟ ತಂತಿವಾದ್ಯ ಬೆಳೆದದ್ದು ಪೋರ್ಚುಗಲ್ಲಿನ ಮದೈರಾ ದ್ವೀಪದ ವಾದ್ಯದಿಂದ; 1879ರಲ್ಲೇ, ಲಿಯೋನಿಡಾಸ್ ಫಿಜಿಗೆ ತಲುಪಿದ ವರ್ಷದಲ್ಲೇ, ಕಬ್ಬಿನ ತೋಟಗಳ ಕೆಲಸಕ್ಕೆಂದು ಹೊನೊಲುಲುವಿಗೆ ಬಂದಿಳಿದ ವಲಸೆಗಾರರು ಅದನ್ನು ಜೊತೆಗೆ ತಂದರು. ಕೆಲಸ ಹುಡುಕಿಕೊಂಡು ಹೋದ ಬಡವರು ಕೈಯಲ್ಲಿ ಒಂದು ವಾದ್ಯ ಹಿಡಿದು ಹೋದದ್ದು, ಅದು ಅಲ್ಲಿಯವರ ಹೃದಯಕ್ಕೆ ಹತ್ತಿ ಆ ದ್ವೀಪಗಳ ಗುರುತೇ ಆದದ್ದು, ತಾನೇ ಒಂದು ಸೊಗಸಾದ ಪ್ರೇಮಕಥೆಗೆ ಸಾಕು. ಪೋರ್ಚುಗೀಸರ ಆಡಳಿತವನ್ನು 1961ರವರೆಗೆ ಕಂಡ, ಮಾಂಡೋ ಹಾಡುಗಳಲ್ಲಿ ಪ್ರೇಮವನ್ನೂ ವಿರಹವನ್ನೂ ಹಾಡುತ್ತ ಬಂದ ಗೋವಾದಲ್ಲಿ ಕೂತು ನೋಡುವವರಿಗೆ ಇದು ಇನ್ನಷ್ಟು ಹತ್ತಿರದ ಸಂಗತಿ. ಚಿತ್ರ ಮಾಡಿದವರಿಗೆ ಉಕುಲೆಲೆಯ ನಾದ ಬೇಕಾಯಿತು, ಅದನ್ನು ತಂದವರು ಬೇಕಾಗಲಿಲ್ಲ.

ಇದಕ್ಕೆ ಬರಬಹುದಾದ ಆಕ್ಷೇಪ ನನಗೆ ಗೊತ್ತು. ದಣಿದು ಬಂದವರು ಅರ್ಧ ಸಂಜೆ ಮನಸ್ಸು ಹಗುರ ಮಾಡಿಕೊಳ್ಳಲು ನೋಡುವ ಚಿತ್ರದ ಮೇಲೆ ಇತಿಹಾಸವನ್ನೂ ದುಡಿಯುವವರ ಕಷ್ಟವನ್ನೂ ಹೇರಿದರೆ ಅದು ಹಗುರವಾಗಿ ಉಳಿಯುತ್ತದೆಯೇ ಎಂದು ಕೇಳುವವರಿದ್ದಾರೆ. ನಾನು ಕಷ್ಟದ ಕಥೆ ಕೇಳುತ್ತಿಲ್ಲ. ದುಡಿಯುವವರ ಬದುಕೆಂದರೆ ಬರೀ ಕಷ್ಟ ಎಂದುಕೊಳ್ಳುವುದೂ ದೂರದಿಂದ ನೋಡುವವರ ಅಭ್ಯಾಸವೇ. ವಾಸ್ಕೋದ ಬೈನಾ, ಝುವಾರಿನಗರದ ಓಣಿಗಳಲ್ಲಿ ಹುಬ್ಬಳ್ಳಿ, ಗದಗ, ವಿಜಯಪುರದ ಕಡೆಯಿಂದ ಬಂದು ಹತ್ತಿಪ್ಪತ್ತು ವರ್ಷ ಕಳೆದ ಮನೆಗಳಿವೆ. ಅಲ್ಲಿ ಮದುವೆಗಳಾಗುತ್ತವೆ, ಮುನಿಸು ರಾಜಿಗಳಾಗುತ್ತವೆ, ಕೊಂಕಣಿ ಮನೆಯ ಹುಡುಗಿಗೂ ಕನ್ನಡ ಮನೆಯ ಹುಡುಗನಿಗೂ ಮನಸ್ಸು ಕೂಡಿದ್ದನ್ನು ಎರಡೂ ಮನೆಯವರು ಸ್ವಲ್ಪ ಸಿಟ್ಟಾಗಿ ಆಮೇಲೆ ಒಪ್ಪಿಕೊಂಡ ಉದಾಹರಣೆಗಳೂ ಇವೆ. ಬೇಕಾದಷ್ಟು ನಗು ಅಲ್ಲೇ ಇದೆ.

ಕಡಲ ಊರಿನ ವರ್ಷಕ್ಕೂ ಒಂದು ಲಯವಿದೆ, ಅದೂ ಈ ಚಿತ್ರಗಳಲ್ಲಿ ಕಾಣುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಇಲ್ಲಿ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಕಡಲಿಗಿಳಿಯುವಂತಿಲ್ಲ. ಮಳೆಗೆ ಮುಂಚೆ ತೀರದ ಶ್ಯಾಕುಗಳ, ಅಂದರೆ ತಾತ್ಕಾಲಿಕ ಊಟದಂಗಡಿಗಳ, ಬಿದಿರು, ಹಲಗೆ, ತೆಂಗಿನ ಗರಿಗಳನ್ನು ಬಿಚ್ಚಿ ಒಯ್ಯುತ್ತಾರೆ, ಸೀಸನ್ ಹತ್ತಿರ ಬಂದಾಗ ಮತ್ತೆ ಕಟ್ಟುತ್ತಾರೆ. ಆ ನಡುವಿನ ತಿಂಗಳುಗಳಲ್ಲಿ ಅನೇಕರು ಊರಿಗೆ ಹೋಗಿ ಬಿತ್ತನೆ ಮುಗಿಸಿಕೊಂಡು ಬರುತ್ತಾರೆ. ಸೀಸನ್ ಮುಗಿಯುವ ದಿನ ಬೇರೆಯಾಗುವ ಇಬ್ಬರು ಕೆಲಸಗಾರರು ಮುಂದಿನ ಸೀಸನ್ನಿಗೆ ಅದೇ ತೀರದಲ್ಲಿ ಸಿಗುತ್ತಾರೋ ಇಲ್ಲವೋ ಎಂಬ ಪ್ರಶ್ನೆಯಲ್ಲಿ, ಕೊನೆಯ ಅಂಕಕ್ಕೆಂದು ಬಲವಂತವಾಗಿ ತಂದ ತಪ್ಪು ತಿಳುವಳಿಕೆಗಿಂತ ಎಷ್ಟೋ ಸಹಜವಾದ ಕುತೂಹಲ ಇದೆ. ಕೊನೆಗೆ ಸಿಗಲಿ, ಖಂಡಿತ ಸಿಗಲಿ. ಅಷ್ಟು ಭರವಸೆ ನನಗೂ ಬೇಕು.

ಆದ್ದರಿಂದ ನನ್ನ ಕೋರಿಕೆ ನಮ್ಮ ಕನ್ನಡ ವಾಹಿನಿಗಳಿಗೆ. ಸಾವಿರ ಕಂತು ದಾಟುವ ಧಾರಾವಾಹಿಗಳ ನಡುವೆ, ಒಂದೇ ಸಂಜೆಯಲ್ಲಿ ಮುಗಿಯುವ ತೊಂಬತ್ತು ನಿಮಿಷದ ಲಘು ಪ್ರೇಮಚಿತ್ರಗಳನ್ನು ತಿಂಗಳಿಗೊಂದಾದರೂ ಮಾಡಬಾರದೇಕೆ? ಚಿಕ್ಕ ಹಣ, ಚಿಕ್ಕ ತಂಡ, ಮೂರು ವಾರದ ಕೆಲಸ ಎಂಬ ಚೌಕಟ್ಟು ನಮಗೆ ಹೊರಗಿನದಲ್ಲ. 1980ರ ದಶಕದಲ್ಲಿ ಶಂಕರ್ ನಾಗ್ ಅವರು ಆರ್.ಕೆ. ನಾರಾಯಣ್ ಅವರ ಮಾಲ್ಗುಡಿಯನ್ನು ದೂರದರ್ಶನಕ್ಕಾಗಿ ಆಗುಂಬೆಯಲ್ಲಿ ಕಟ್ಟಿ ತೋರಿಸಿದಾಗ ಒಂದೊಂದು ಕಥೆಯೂ ಹಗುರವಾಗಿಯೇ ಇತ್ತು. ಆ ಊರು ಮಾತ್ರ ಜನರಿಂದ ತುಂಬಿತ್ತು. ಅಂಗಡಿಯ ಕಟ್ಟೆಯ ಮೇಲೆ ಕೂತವನಿಗೂ ಒಂದು ಮುಖವಿತ್ತು, ಒಂದು ಸ್ವಭಾವವಿತ್ತು. ಆಗುಂಬೆಯ ಮಳೆಯೂ ತೆಗೆದುಹಾಕಬೇಕಾದ ಅಡ್ಡಿ ಎನಿಸಲಿಲ್ಲ.

ದ್ವೀಪಗಳಿಗೂ ನಾವು ಪೆಸಿಫಿಕ್ ಸಾಗರಕ್ಕೆ ಹೋಗಬೇಕಾಗಿಲ್ಲ. ಗೋವಾದಲ್ಲಿ ಮಾಂಡವಿ ನದಿಯ ನಡುವಿನ ದಿವಾಡಿ ದ್ವೀಪಕ್ಕೆ ಹಳೆಯ ಗೋವಾದ ದಡದಿಂದ ಇಂದಿಗೂ ಫೆರ್ರಿಯಲ್ಲೇ ದಾಟಬೇಕು. ಸಂಜೆ ಫೆರ್ರಿಯ ಹಲಗೆ ಏರುವವರಲ್ಲಿ ಶಾಲೆಯ ಮಕ್ಕಳು, ಮೀನಿನ ಬುಟ್ಟಿಯವರು, ಸ್ಕೂಟರಿನ ಮೇಲೆ ಹೆಲ್ಮೆಟ್ ತೆಗೆಯದೆ ಕೂತ ನೌಕರರು, ಕ್ಯಾಮೆರಾ ಹಿಡಿದ ಪ್ರವಾಸಿಗರು ಎಲ್ಲರೂ ಇರುತ್ತಾರೆ. ದಿನವೂ ಅದೇ ಫೆರ್ರಿಯಲ್ಲಿ ಎದುರಾಗುವ ಇಬ್ಬರಿಗೆ ಮಾತಾಡಲು ಇರುವುದು ಆಚೆ ದಡ ಮುಟ್ಟುವವರೆಗಿನ ಕೆಲವೇ ನಿಮಿಷ. ಕಾರವಾರದ ಎದುರಿನ ಕೂರ್ಮಗಡ ದ್ವೀಪದಲ್ಲಿ ಜನವರಿಯ ಹೊತ್ತಿಗೆ ನರಸಿಂಹ ದೇವರ ಜಾತ್ರೆಯಾಗುತ್ತದೆ. ಬಾಳೆಗೊನೆ ಹೊತ್ತ ಭಕ್ತರನ್ನು ಮೀನುಗಾರರು ತಮ್ಮ ದೋಣಿಗಳಲ್ಲಿ ಕರೆದೊಯ್ಯುತ್ತಾರೆ. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಗಳಂಥ ಕಲ್ಲುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದ ಕರಾವಳಿಯ ನವದಂಪತಿಗಳು ಕಡಿಮೆ. ಈ ಯಾವ ಜಾಗದಲ್ಲೂ ಹಿನ್ನೆಲೆಗೆ ನಿಲ್ಲಿಸಲು ಜನರನ್ನು ಹೊರಗಿನಿಂದ ತರುವ ಅಗತ್ಯವಿಲ್ಲ.

ತಮ್ಮಲ್ಲೂ ಒಂದು ವಿನಂತಿ. ಮುಂದೆ ಇಂಥ ಚಿತ್ರಗಳ ಬಗ್ಗೆ ಅಭಿಪ್ರಾಯ ಕೇಳುವಾಗ ವಾಸ್ಕೋ, ಮಡಗಾಂವ್, ಕಾರವಾರ, ಮಲ್ಪೆಯ ಹೋಟೆಲುಗಳಲ್ಲಿ, ದೋಣಿಗಳಲ್ಲಿ ದುಡಿಯುವವರನ್ನೂ ದಯವಿಟ್ಟು ಕೇಳಿ. ಪಾಳಿ ಮುಗಿಸಿ ಬಂದು ರಾತ್ರಿ ಫೋನಿನಲ್ಲಿ ಈ ಚಿತ್ರಗಳನ್ನು ನೋಡುವವರು ಅವರಲ್ಲಿ ಬಹಳ ಜನ. ಕಾಗದ ಬರೆದು ಕಳಿಸುವ ಅಭ್ಯಾಸ ಹೆಚ್ಚಿನವರಿಗಿಲ್ಲ, ಆದರೆ ಮಾತಾಡಿ ದನಿ ಮುದ್ರಿಸಿ ಕಳಿಸಲು ಎಲ್ಲರಿಗೂ ಬರುತ್ತದೆ. ಒಂದು ಸಂಖ್ಯೆಯನ್ನು ಪ್ರಕಟಿಸಿ, ಬಂದ ಮಾತುಗಳನ್ನು ಅವರದೇ ಆಡುನುಡಿಯಲ್ಲಿ ಅಚ್ಚು ಹಾಕಿದರೆ, ಟವೆಲಿನ ಹಂಸದ ಬಗ್ಗೆ ನನ್ನ ನೆರೆಯವರು ಹೇಳಿದಂಥ ಅಭಿಪ್ರಾಯಗಳು ಚಿತ್ರ ಮಾಡುವವರ ಕಣ್ಣಿಗೂ ಬಿದ್ದಾವು.

ಇಂತಿ ತಮ್ಮ ವಿಶ್ವಾಸಿ,
ವಾಸ್ಕೋ, ಗೋವಾದ ಓದುಗರು